ಬೊಟ್ಟಿಟ್ಟ ಎಲೆಗಳು

"ಮುನ್ನೂರ ಹನ್ನೆರಡು!" ಎಂದು ಮೋಹನ್‌ಕುಮಾರ್ ಸರ್ ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತು ಕೂಗಿದಾಗ ಮೇಘಶ್ರೀಗೆ ಯಾರೋ ತನ್ನನ್ನು ಹರಾಜಿಗೆ ಇಟ್ಟಂತೆ ಅನ್ನಿಸಿತು.

ಚಿತ್ರದುರ್ಗದ ಹೊರಗಿರುವ ಆ ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಅವರು ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು. ಅವಳು ಅಲ್ಲಿ ಇನ್ನೂ ಕಾಯಂ ಆಗದ ಅಧ್ಯಾಪಕಿ. ಎರಡು ವರ್ಷದ ಹಿಂದೆ ಅವಳು ಒಂದು ಸಂಶೋಧನಾ ಲೇಖನ ಬರೆದಿದ್ದಳು. ದಾಳಿಂಬೆಯ ಎಲೆಯ ಫೋಟೊ ತೋರಿಸಿದರೆ ಅದಕ್ಕೆ ಚುಕ್ಕೆರೋಗ ಬಂದಿದೆಯೋ ಇಲ್ಲವೋ ಎಂದು ಕಂಪ್ಯೂಟರೇ ಹೇಳುವಂತೆ ಅದಕ್ಕೆ ಕಲಿಸಿದ ಬಗೆ ಅದರಲ್ಲಿತ್ತು. ನೂರಕ್ಕೆ ತೊಂಬತ್ತೆಂಟು ಸಲ ಸರಿ ಹೇಳುತ್ತದೆ ಎಂದು ಬರೆದಿದ್ದಳು. ತಾನು ಸೇರಿಸಿದ್ದ ಎಲೆಗಳ ಫೋಟೊಗಳನ್ನೆಲ್ಲ ಯಾರು ಬೇಕಾದರೂ ಬಳಸಿಕೊಳ್ಳಲಿ ಎಂದು ಬಿಟ್ಟುಕೊಟ್ಟಿದ್ದಳು. ಅಂಥ ಕೆಲಸ ಮಾಡುವವರು ತಮ್ಮ ಲೇಖನದ ಕೊನೆಯಲ್ಲಿ ಅವಳ ಲೇಖನವನ್ನು ಹೆಸರಿಸಿದರೆ ಅದು ಒಂದು ಸೈಟೇಶನ್. ಹಾಗೆ ಹೆಸರಿಸಿದವರು ಈಗ ಮುನ್ನೂರ ಹನ್ನೆರಡು ಮಂದಿ. ಚೀನಾದವರು ಇದ್ದರು, ಬ್ರೆಜಿಲ್‌ನವರು ಇದ್ದರು, ಅವಳು ಭೂಪಟದಲ್ಲಿ ಹುಡುಕಿ ನೋಡಬೇಕಾದ ಊರಿನವರೂ ಇದ್ದರು.

"ನಂದು ಹನ್ನೊಂದು ಐತೆ ನೋಡ್ರಿ ಮೇಡಂ," ಎಂದ ಪಕ್ಕದ ಮೇಜಿನ ನಿರಂಜನ್. ಹೊಳಲ್ಕೆರೆಯವನು, ಅವಳಿಗಿಂತ ಒಂದು ವರ್ಷ ಮೊದಲು ಸೇರಿದವನು. "ಅದ್ರಾಗೆ ಏಳು, ನನ್ನ ಹೆಸ್ರು ನಾನೇ ಹಾಕ್ಕಂಡಿರಾದು."

"ನಗಬ್ಯಾಡಪ್ಪ ನೀನು," ಎಂದರು ಮೋಹನ್‌ಕುಮಾರ್. "ಬುಧವಾರ ಯೂನಿವರ್ಸಿಟಿ ಕಮಿಟಿ ಬರ್ತೈತೆ. ಮೇಘಶ್ರೀ, ಪಾಠ ಹೆಂಗೆ ಮಾಡ್ತೀರಿ ಅಂತ ಅವ್ರು ಕೇಳಾದಿಲ್ಲ. ನಂಬರ್ ಕೇಳ್ತಾರೆ. ನಮ್ಮ ಇಡೀ ವಿಭಾಗದ್ದು ಒಟ್ಟು ಹಾಕಿದ್ರೂ ನಿಮ್ಮ ಅರ್ಧ ಆಗಾದಿಲ್ಲ. ನಿಮ್ಮ ಕೆಲಸ ಕಾಯಂ, ನಮಗೊಂದು ಸಂಶೋಧನಾ ಕೇಂದ್ರ. ಭಾನುವಾರ ನಿಮ್ಮ ಮಾವನ ತೋಟಕ್ಕೆ ಹೋಗಿ ಒಂದಿಷ್ಟು ಹೊಸ ಫೋಟೊ ತಗಂಬರ್ರಿ. ದೊಡ್ಡದಾಗಿ ಪ್ರಿಂಟ್ ಹಾಕ್ಸಿ ಗೋಡೆಗೆ ಹಚ್ಚಾಣ."

ಅವಳು ತಲೆಯಾಡಿಸಿದಳು. ಸಂತೋಷ ಆಗಬೇಕಿತ್ತು, ಆಗಲಿಲ್ಲ. ಮೊದಲ ಹತ್ತು ಸೈಟೇಶನ್ ಬಂದಾಗ ತುರುವನೂರಿನ ಮನೆಗೆ ಫೋನ್ ಮಾಡಿ ಕುಣಿದಿದ್ದಳು. ನೂರಾದಾಗ ಮೈಸೂರುಪಾಕು ಹಂಚಿದ್ದಳು. ಇನ್ನೂರು ದಾಟಿದ ಮೇಲೆ ಮಾತ್ರ ಆ ಅಂಕಿ ತನ್ನದಲ್ಲ, ತಾನು ಮಲಗಿದಾಗ ಬೇರೆ ಯಾರೋ ಅದಕ್ಕೆ ಉಣಿಸಿ ಬೆಳೆಸುತ್ತಿದ್ದಾರೆ ಎಂಬ ಅಳುಕು ಶುರುವಾಗಿತ್ತು. ಅಳುಕಿಗೆ ಕಾರಣವಿರಲಿಲ್ಲ. ಅದಕ್ಕೇ ಯಾರಿಗೂ ಹೇಳಿರಲಿಲ್ಲ.

ಭಾನುವಾರ ಹಿರಿಯೂರಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಜವನಗೊಂಡನಹಳ್ಳಿಯಲ್ಲಿ ಇಳಿದಳು. ಸೋದರಮಾವ ಜಂಬಣ್ಣನ ತೋಟ ಊರಾಚೆ ಇತ್ತು. ಬಿಸಿಲಿಗೆ ಕಾಯಿ ಸುಡದಿರಲೆಂದು ದಾಳಿಂಬೆ ಗಿಡಗಳಿಗೆ ಹಳೇ ಸೀರೆಗಳನ್ನು ಹೊದಿಸಿದ್ದರು. ಕೆಂಪು, ಹಳದಿ, ನವಿಲುಬಣ್ಣ. ದೂರದಿಂದ ನೋಡಿದರೆ ಯಾವುದೋ ಮದುವೆಗೆ ಬಂದ ಹೆಣ್ಣುಮಕ್ಕಳೆಲ್ಲ ಸಾಲಾಗಿ ಬಿಸಿಲಿಗೆ ಬೆನ್ನು ಕೊಟ್ಟು ಕುಂತಂತೆ. ಎರಡು ವರ್ಷದ ಹಿಂದೆ ಅವಳು ಎಲೆಗಳ ಫೋಟೊ ತೆಗೆದದ್ದು ಇಲ್ಲಿಯೇ. ಬೇವಿನ ಮರದ ನೆರಳಲ್ಲಿ ಕರಿ ಕಂಬಳಿ ಹಾಸಿ ಕೂತಿರುತ್ತಿದ್ದಳು. ಮಾವ ಮತ್ತು ಅತ್ತೆ ಹೊನ್ನಕ್ಕ ಎಲೆ ಕಿತ್ತು ತಂದು ಒಂದು ಕಡೆ ರೋಗದವು, ಒಂದು ಕಡೆ ಒಳ್ಳೆಯವು ಎಂದು ಕಂಬಳಿಯ ಮೇಲೆ ಇಡುತ್ತಿದ್ದರು. ಅವಳು ಫೋಟೊ ಹೊಡೆಯುತ್ತಿದ್ದಳು. ಯಾವುದು ರೋಗದ್ದು, ಯಾವುದು ಒಳ್ಳೆಯದು ಎಂದು ಹಿರಿಯೂರಿನ ತೋಟಗಾರಿಕೆಯವರೊಬ್ಬರು ಬಂದು ನೋಡಿ ಒಪ್ಪಿಯೂ ಇದ್ದರು. ಎಲ್ಲವೂ ಕ್ರಮವಾಗಿಯೇ ನಡೆದಿತ್ತು.

"ಈ ಸಲ ಗಿಡದ ಮ್ಯಾಲಿರಾದನ್ನೇ ತೆಗೀತೀನಿ ಮಾವ," ಎಂದು ಅವಳು ಒಂದು ಚೆಂದದ ಕೊಂಬೆಯ ಮುಂದೆ ಫೋನ್ ಎತ್ತಿದಳು. ಎಲೆಗಳು ಹೊಸ ಚಿಗುರಿನ ಹೊಳಪಿನಲ್ಲಿದ್ದವು.

"ತಡಿ, ತಡಿ, ತಡಿ." ಜಂಬಣ್ಣ ಬಿರಬಿರನೆ ಬಂದು ಸೊಂಟದ ಚೀಲದಿಂದ ವಿಭೂತಿ ಗಟ್ಟಿ ತೆಗೆದ. ಬೆರಳು ತಿಕ್ಕಿ, ಆ ಕೊಂಬೆಯ ಎಲೆಗಳಿಗೆ ತೊಟ್ಟಿನ ಹತ್ತಿರ ಒಂದೊಂದು ಸಣ್ಣ ಬೊಟ್ಟು ಒತ್ತಿದ. "ಹೂಂ, ಈಗ ಹೊಡ್ಕಾ."

ಮೇಘಶ್ರೀಯ ಕೈ ಎತ್ತಿದಲ್ಲೇ ನಿಂತಿತು. "ಇದೇನು ಮಾವ?"

"ಫೋಟೊ ಅಂದ್ರೆ ಕಣ್ಣಲ್ವೇನಮ್ಮ? ನಿನ್ನ ಕಣ್ಣು ಒಂದೇ ಆದ್ರೆ ಪರವಾಗಿಲ್ಲ, ನೀನು ಅದನ್ನ ಲೋಕಕ್ಕೆಲ್ಲ ತೋರಿಸ್ತೀಯ. ದೃಷ್ಟಿ ಆಗ್ತೈತೆ."

"ಆಗ... ಮೊದ್ಲು ತೆಗೆದ್ನಲ್ಲ, ಆಗ್ಲೂ ಹಚ್ಚಿದ್ರಾ?"

"ಹಚ್ಚದೆ ಬಿಡ್ತೀವಾ?" ಎಂದಳು ಹೊನ್ನಕ್ಕ, ಮಜ್ಜಿಗೆ ಚೊಂಬು ಹಿಡಿದು ಬರುತ್ತ. "ಒಂದೊಂದು ಎಲೆಗೂ ಇಟ್ಟೀವಿ. ನಿಮ್ಮ ಮಾವನ ಬೆರಳು ಬೆಳ್ಳಗಾಗಿ ಎರಡು ದಿನ ಹೋಗಿರಲಿಲ್ಲ. ನೀನು ನೆರಳಾಗೆ ಕುಂತು ಕನಸು ಕಾಣ್ತಿದ್ದೆ, ಎಲ್ಲಿ ನೋಡ್ತೀಯ."

"ರೋಗದ ಎಲೆಗೂ?"

ಜಂಬಣ್ಣ ನಕ್ಕುಬಿಟ್ಟ. "ಏನಮ್ಮ, ಇಷ್ಟು ಓದಿ ಹಿಂಗೆ ಕೇಳ್ತೀಯಲ್ಲ! ರೋಗ ಬಂದಿರಾ ಎಲೆ ಮ್ಯಾಲೆ ಯಾವನ ಕಣ್ಣು ಬೀಳ್ತೈತೆ? ಒಳ್ಳೇವಕ್ಕೆ ಮಾತ್ರ."

ಅವಳು ಮಜ್ಜಿಗೆ ಇಸಿದುಕೊಂಡಳು, ಕುಡಿಯಲಿಲ್ಲ. ಬೇವಿನ ಬುಡಕ್ಕೆ ಹೋಗಿ ಕೂತು ಫೋನಿನಲ್ಲಿ ಹಳೆಯ ಫೋಟೊಗಳನ್ನು ತೆರೆದಳು. ಒಳ್ಳೆಯ ಎಲೆ, ತೊಟ್ಟಿನ ಬಳಿ ಮಸುಕು ಬಿಳುಪು. ಇನ್ನೊಂದು ಒಳ್ಳೆಯ ಎಲೆ, ಅಲ್ಲೂ ಬಿಳುಪು. ಹೆದ್ದಾರಿಯ ಧೂಳೆಂದುಕೊಂಡಿದ್ದಳು. ಮತ್ತೊಂದು, ಮಗದೊಂದು. ರೋಗದ ಎಲೆಗಳ ಕಡೆ ಹೋದಳು. ಒಂದರಲ್ಲೂ ಇಲ್ಲ.

ಕಂಪ್ಯೂಟರಿಗೆ ಎಲೆ ಎಂದರೇನು, ರೋಗ ಎಂದರೇನು ಗೊತ್ತಿಲ್ಲ. ಇವು ಒಂದು ಗುಂಪು, ಅವು ಒಂದು ಗುಂಪು, ವ್ಯತ್ಯಾಸ ಹುಡುಕು ಎಂದರೆ ಎಲ್ಲಕ್ಕಿಂತ ಸುಲಭವಾಗಿ ಕಣ್ಣಿಗೆ ಬೀಳುವುದನ್ನು ಅದು ಹಿಡಿದುಕೊಳ್ಳುತ್ತದೆ. ಅವಳು ತರಗತಿಯಲ್ಲಿ ಇದನ್ನೇ ಪಾಠ ಮಾಡುತ್ತಿದ್ದಳು.

ಎದ್ದು ಹೋಗಿ ಯಾರೂ ಮುಟ್ಟದ ಒಂದು ಗಿಡದಿಂದ ಹಸಿರಾದ ಎಲೆಯೊಂದನ್ನು ಕಿತ್ತು, ಸೆರಗಿನಿಂದ ಒರೆಸಿ, ಬೇವಿನ ಬುಡದಲ್ಲಿ ಹಾಸಿದ್ದ ಕಂಬಳಿಯ ಮೇಲಿಟ್ಟಳು. ಅವಳ ಲೇಖನ ಓದಿ, ಅವಳ ಫೋಟೊಗಳನ್ನೇ ತೆಗೆದುಕೊಂಡು ಬೇರೆ ರಾಜ್ಯದ ಯಾರೋ ಮಾಡಿದ್ದ ಆ್ಯಪ್ ಒಂದು ಅವಳ ಫೋನಿನಲ್ಲಿತ್ತು. ಕನ್ನಡದಲ್ಲೂ ಬರುತ್ತಿತ್ತು, ದುಡ್ಡಿಲ್ಲದೆ ಸಿಗುತ್ತಿತ್ತು. ಅದನ್ನು ಎಲೆಯ ಮೇಲೆ ಹಿಡಿದಳು. 'ಚುಕ್ಕೆರೋಗ' ಎಂದು ಕೆಂಪಕ್ಷರ ಬಂತು. ಆಮೇಲೆ ಬಿದ್ದುಹೋಗಿದ್ದ, ಕಪ್ಪು ಚುಕ್ಕೆಗಳಿಂದ ಸುಟ್ಟಂತಾಗಿದ್ದ ಒಂದು ಎಲೆಯನ್ನು ಎತ್ತಿ, ಮಾವನ ವಿಭೂತಿಯಿಂದ ಒಂದು ಬೊಟ್ಟಿಟ್ಟು ಹಿಡಿದಳು. ಕ್ಷಣ ತಡೆದು ಹಸಿರಕ್ಷರ ಮೂಡಿತು. 'ಆರೋಗ್ಯವಾಗಿದೆ.'

ಅವಳು ಫೋನನ್ನು ಮಾವನ ಕಡೆ ತಿರುಗಿಸಿದಳು.

"ನಮ್ಮಲ್ಲಿ ಯಾವಾಗ್ಲೂ ಆರೋಗ್ಯ ಅಂತಾನೇ ಬರ್ತೈತೆ," ಎಂದ ಜಂಬಣ್ಣ ಹೆಮ್ಮೆಯಿಂದ. ಅವನು ಆ್ಯಪಿಗೆ ತೋರಿಸುವ ಮೊದಲೂ ಬೊಟ್ಟಿಡುತ್ತಿದ್ದ. "ಪಾಪ, ಬಸಮ್ಮಂದೇ ನೋಡು. ಕೇಳಿದ್ಯೇನು?"

ಬಸಮ್ಮ ಹೊನ್ನಕ್ಕನ ತಂಗಿ, ಹೊಸದುರ್ಗದ ಕಡೆ ಕೊಟ್ಟಿದ್ದರು. ಗಂಡ ತೀರಿದ ಮೇಲೆ ತಾನೇ ನಿಂತು ತೋಟ ಮಾಡಿದವಳು.

"ಅವಳ ತೋಟಕ್ಕೆ ರೋಗ ಅಂತ ಆ್ಯಪು ಹೇಳ್ತಂತೆ," ಎಂದಳು ಹೊನ್ನಕ್ಕ. "ಔಷಧಿ ಹೊಡೆದ್ಲು, ವಾಸಿ ಆತು ಅಂತು. ಮಳೆ ಬಂತು, ಮತ್ತೆ ರೋಗ ಅಂತು. ಹಿಂಗೇ ಮೂರು ಸಲ. ಈ ರೋಗ ಬಿಡಾದಿಲ್ಲ, ನಮ್ಮ ತೋಟಕ್ಕೂ ಹಾರ್ತೈತೆ ಅಂತ ಅಕ್ಕಪಕ್ಕದವ್ರು ಗಲಾಟೆ ಮಾಡ್ಯಾರೆ. ಬುಧವಾರ ಜೆಸಿಬಿ ತರಿಸಿ ಎಲ್ಲ ಕೀಳಿಸ್ತಾಳಂತೆ. ನೋಡಾಕೆ ಗಿಡ ಚೆನ್ನಾಗೇ ಅವೆ ಕಣಕ್ಕ ಅಂತ ಅಳ್ತಾಳೆ. ಏನ್ ಮಾಡಾದು, ನಮ್ಮ ಮೇಘಾನೇ ಕಂಡುಹಿಡಿದಿರಾದು, ಸುಳ್ಳಾಗ್ತೈತಾ ಅಂತ ನಾನೇ ಸಮಾಧಾನ ಹೇಳ್ದೆ."

ಮೇಘಶ್ರೀಗೆ ಎಲ್ಲವೂ ಒಟ್ಟಿಗೆ ಕಂಡಿತು. ಔಷಧಿ ಹೊಡೆದಾಗ ಎಲೆಯ ಮೇಲೆ ಬಿಳಿ ಪುಡಿ ಉಳಿಯುತ್ತದೆ. ಆ್ಯಪ್ ಅದನ್ನು ಕಂಡು ವಾಸಿಯಾಯಿತು ಎನ್ನುತ್ತದೆ. ಮಳೆ ತೊಳೆದರೆ ಮತ್ತೆ ರೋಗ. ಜನ ನಂಬದೆ ಏನು ಮಾಡುತ್ತಾರೆ? ಔಷಧಿಗೆ ಬಗ್ಗುವ ರೋಗ, ಮಳೆಗೆ ಮರಳುವ ರೋಗ. ಸುಳ್ಳು ಎಷ್ಟು ಚೆನ್ನಾಗಿ ನಿಜದ ನಡಿಗೆ ನಡೆಯುತ್ತಿದೆ! ಮತ್ತು ಆ ಮುನ್ನೂರ ಹನ್ನೆರಡು ಮಂದಿ? ಅವರು ಅವಳ ಫೋಟೊಗಳನ್ನೇ ತೆಗೆದುಕೊಂಡು, ಅವಳ ಫೋಟೊಗಳ ಮೇಲೆಯೇ ಪರೀಕ್ಷೆ ಮಾಡಿ, ತೊಂಬತ್ತೆಂಟು, ತೊಂಬತ್ತೊಂಬತ್ತು ಎಂದು ಬರೆದುಕೊಂಡವರು. ಬೊಟ್ಟು ಅಲ್ಲೂ ಇತ್ತು. ಮುನ್ನೂರ ಹನ್ನೆರಡು ಕಡೆ ಮಾವನ ಬೆರಳು ಒತ್ತಿದ ಗುರುತು.

ಹೇಳಿಬಿಡಬೇಕಿತ್ತು, ಅಲ್ಲೇ, ಆಗಲೇ. ಬಾಯಿ ತೆರೆದಳು ಕೂಡ. ಆದರೆ ಮಾವನ ಮುಖ ನೋಡಿದಳು. ಅಲ್ಲಿ ಹೆಮ್ಮೆ ತುಂಬಿತ್ತು. ಲ್ಯಾಬಿನಲ್ಲಿ ಸರಿಯಾಗಿ ನೋಡಿ ಆಮೇಲೆ ಹೇಳೋಣ ಎಂದು ತನಗೇ ಹೇಳಿಕೊಂಡಳು.

ಸೋಮವಾರ ಲ್ಯಾಬಿನಲ್ಲಿ ನೋಡಿದಳು. ಫೋಟೊಗಳಲ್ಲಿ ತೊಟ್ಟಿನ ಬಳಿಯ ಆ ಬಿಳುಪನ್ನು ಅಳಿಸಿ ಮತ್ತೆ ಪರೀಕ್ಷೆಗಿಟ್ಟಳು. ತೊಂಬತ್ತೆಂಟು ಹೋಗಿ ಐವತ್ತೆರಡಾಯಿತು. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಕೈ ಒರೆಸಿಕೊಂಡು ಮೋಹನ್‌ಕುಮಾರ್ ಅವರ ಕೋಣೆಗೆ ಹೋದಳು.

ಅವರು ಪೂರ್ತಿ ಕೇಳಿದರು. ಎದ್ದು ಬಾಗಿಲು ಮುಚ್ಚಿದರು. ಅವರು ಬೈದಿದ್ದರೆ ಅವಳಿಗೆ ಅಷ್ಟು ಭಯವಾಗುತ್ತಿರಲಿಲ್ಲ. ಅವರು ಮೆಲ್ಲಗೆ, ಅಕ್ಕರೆಯಿಂದ ಮಾತಾಡಿದರು.

"ಇನ್ನೊಬ್ರಿಗೆ ಹೇಳಿದೀರಾ?"

"ಇಲ್ಲ ಸರ್."

"ಒಳ್ಳೇದು. ನೋಡಮ್ಮ, ಇದು ತಪ್ಪಲ್ಲ. ಅರಿಯದೆ ಆಗಿರಾದು. ಈಗ ಲೇಖನ ವಾಪಸ್ ತಗಂಡ್ರೆ ಏನಾಗ್ತೈತೆ ಗೊತ್ತಾ? ಮೊದ್ಲು ನಿಮ್ಮ ಕೆಲಸ ಹೋಗ್ತೈತೆ. ಆಮೇಲೆ ಎಲ್ಲಿ ಹೋಗಿ ನಿಮ್ಮ ಹೆಸ್ರು ಹುಡುಕಿದ್ರೂ 'ವಾಪಸ್ ಪಡೆದ ಲೇಖನ' ಅಂತ ಮೊದ್ಲು ಅದೇ ಬರ್ತೈತೆ. ಆಮೇಲೆ ನಮ್ಮ ವಿಭಾಗದ್ದು. ಬುಧವಾರ ಮುಗೀಲಿ. ಒಂದು ವರ್ಷ ಹೋಗ್ಲಿ. ಹೊಸ ಫೋಟೊ ತೆಗೆದು ಇನ್ನೊಂದು ಲೇಖನ ಬರೆಯಾಣ, 'ಹಿಂದಿನದಕ್ಕಿಂತ ಉತ್ತಮ' ಅಂತ. ಮೊದಲಿಂದು ತಾನೇ ಹಳೇದಾಗ್ತೈತೆ. ಎಲ್ಲಾರೂ ಹಂಗೇ ಮಾಡಾದು."

"ಆದ್ರೆ ಜನ ಗಿಡ ಕೀಳ್ತಾ ಇದಾರೆ ಸರ್."

"ಆ್ಯಪ್ ಮಾಡಿದವ್ರು ನೀವಾ? ಅಲ್ಲ ತಾನೇ. ಹೋಗ್ರಿ, ಊಟ ಮಾಡ್ರಿ. ಮುಖ ನೋಡ್ರಿ ಹೆಂಗಾಗೈತೆ."

ಹೊರಗೆ ಬಂದಾಗ ಕಾರಿಡಾರಿನಲ್ಲಿ ಅವಳದೇ ದೊಡ್ಡ ಚಿತ್ರವನ್ನು ಗೋಡೆಗೆ ಏರಿಸುತ್ತಿದ್ದರು. ಕೆಳಗೆ ಕೆಂಪಕ್ಷರದಲ್ಲಿ ಅಂಕಿ. ಅದು ಬೆಳಗ್ಗೆಯಿಂದ ಎರಡು ಹೆಚ್ಚಾಗಿತ್ತು. ಪ್ರಿಂಟ್ ಹಾಕಿದವನು ಮೂಲೆಯಲ್ಲಿ ಚೀಟಿ ಅಂಟಿಸಿ ಅಂಕಿ ತಿದ್ದಿದ್ದ.

ಅಜ್ಜಿ ಹೇಳುತ್ತಿದ್ದ ಒಂದು ಕಥೆ ಅವಳಿಗೆ ನೆನಪಾಯಿತು. ಒಬ್ಬಳ ಹಿತ್ತಲಲ್ಲಿ ಒಂದು ಬಳ್ಳಿ ಹುಟ್ಟುತ್ತದೆ. ಯಾರಾದರೂ ಹೊಗಳಿದರೆ ಅದು ಒಂದು ಗೇಣು ಬೆಳೆಯುತ್ತದೆ. ಅವಳು ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆಕರೆದು ತೋರಿಸುತ್ತಾಳೆ, ಹೊಗಳಿಸಿಕೊಳ್ಳುತ್ತಾಳೆ. ಬಳ್ಳಿ ಹಿತ್ತಲು ತುಂಬುತ್ತದೆ, ಮಾಡು ಹತ್ತುತ್ತದೆ, ಬಾಗಿಲಿಗೆ ಅಡ್ಡ ಹೆಣೆದುಕೊಳ್ಳುತ್ತದೆ. ಒಳಗೆ ತೊಟ್ಟಿಲಲ್ಲಿ ಕೂಸು ಅಳುತ್ತಿದೆ. ಹೊರಗಿನವರಿಗೆ ಅಳು ಕೇಳದು, ಎಲೆಗಳ ಸದ್ದು ಮಾತ್ರ ಕೇಳುತ್ತದೆ. ಎಂಥಾ ಬಳ್ಳಿ, ಎಂಥಾ ಬಳ್ಳಿ ಎನ್ನುತ್ತಾರೆ. "ಆಮೇಲೆ ಕೂಸು ಏನಾತಜ್ಜಿ?" ಎಂದು ಚಿಕ್ಕ ಮೇಘಶ್ರೀ ಕೇಳಿದರೆ ಅಜ್ಜಿ ದೀಪ ಸಣ್ಣದು ಮಾಡಿ, "ಮಲಗು," ಎನ್ನುತ್ತಿದ್ದಳು.

ಮಂಗಳವಾರ ಬಸಮ್ಮನಿಗೆ ಫೋನ್ ಮಾಡಿದಳು.

"ಬಸಮ್ಮತ್ತೆ, ಗಿಡ ಕೀಳಿಸಾದು ಸ್ವಲ್ಪ ದಿನ ತಡೀರಿ."

"ಯಾಕಮ್ಮ?" ದನಿ ದಣಿದಿತ್ತು. "ನಿನಗೇನಾದ್ರೂ ಗೊತ್ತೈತಾ? ಹೇಳು."

ಬಾಯಿಯವರೆಗೆ ಬಂತು. ಕಾರಿಡಾರಿನಲ್ಲಿ ಮೋಹನ್‌ಕುಮಾರ್ ನಗುತ್ತ ಯಾರೊಡನೆಯೋ ಬರುತ್ತಿದ್ದರು. ಮೇಘಶ್ರೀ ದನಿ ತಗ್ಗಿಸಿದಳು. "ಸುಮ್ನೆ... ಇನ್ನೊಂದ್ಸಲ ನೋಡಾಣ ಅಂತ."

"ಎಷ್ಟು ಸಲ ನೋಡಾದು ತಾಯಿ? ಪಕ್ಕದ ಗಂಗಾಧರಪ್ಪ ದಿನಾ ಬಂದು ಬೇಲಿ ಹತ್ರ ನಿಂತ್ಕತಾನೆ. ನನ್ನ ತೋಟಕ್ಕೆ ಬಂದ್ರೆ ನೀನೇ ಹೊಣೆ ಅಂತಾನೆ. ನಾಳೆ ಊಟದ ಹೊತ್ತಿಗೆ ಜೆಸಿಬಿ ಬರ್ತೈತೆ. ಕಾರಣ ಇದ್ರೆ ಹೇಳು, ನಿಲ್ಲಿಸ್ತೀನಿ. ಇಲ್ದಿದ್ರೆ ಯಾಕೆ ಸುಮ್ನೆ ಆಸೆ ಹುಟ್ಟಿಸ್ತೀಯ?"

ಅವಳು ಬರುತ್ತಿದ್ದವರಿಗೆ ಬೆನ್ನು ತಿರುಗಿಸಿ ನಿಂತಳು. ಆ ಕಡೆಯಿಂದ ಫೋನ್ ಇಟ್ಟ ಸದ್ದಾಯಿತು.

ಬುಧವಾರ ಬೆಳಗ್ಗೆ ಕಮಿಟಿಯವರು ಬಂದರು. ಸಭಾಂಗಣದಲ್ಲಿ ಕೋಸಂಬರಿ, ಬಾದಾಮಿ ಹಾಲು, ಗಂಧದ ಹಾರ ಎಲ್ಲ ಆಯಿತು. ಮೋಹನ್‌ಕುಮಾರ್ ಮೈಕಿನಲ್ಲಿ ಅಂಕಿ ಹೇಳಿದರು. ಚಪ್ಪಾಳೆ ಬಿತ್ತು. ಕಮಿಟಿಯಲ್ಲಿದ್ದ ತೇಜಸ್ವಿನಿ ಎಂಬ ಹಿರಿಯ ಪ್ರೊಫೆಸರು ಮಾತ್ರ ಕನ್ನಡಕ ತೆಗೆದು ಒರೆಸುತ್ತ ಕೇಳಿದರು: "ತುಂಬಾ ಸಂತೋಷ. ಈ ಮುನ್ನೂರ ಹದಿನಾಲ್ಕು ಜನದಲ್ಲಿ ಯಾರಾದರೂ ಬೇರೆ ತೋಟದ, ಬೇರೆ ಎಲೆ ಇಟ್ಟುಕೊಂಡು ನಿಮ್ಮದನ್ನ ಪರೀಕ್ಷೆ ಮಾಡಿ ನೋಡಿದ್ದಾರಾ?"

ಕೇಳಿದ್ದು ಸುಮ್ಮನೆ, ಮಾತಿಗೆ. ಸಂಶಯದ ಸುಳಿವೂ ಅದರಲ್ಲಿರಲಿಲ್ಲ.

"ಎಷ್ಟೋ ಜನ ಮಾಡಿದಾರೆ ಮೇಡಂ," ಎಂದರು ಮೋಹನ್‌ಕುಮಾರ್ ನಡುವೆ ಬಾಯಿ ಹಾಕಿ. "ಅದಕ್ಕೇ ಅಲ್ವಾ ಇಷ್ಟು ಸೈಟೇಶನ್."

ಮೇಘಶ್ರೀ ಎದ್ದು ನಿಂತಳು. "ಇಲ್ಲ ಮೇಡಂ. ಒಬ್ರೂ ಮಾಡಿಲ್ಲ. ನಾನು ಮಾಡ್ದೆ. ತಪ್ಪು ಬಂತು."

ಅವಳಿಗೆ ಮಿಕ್ಕದ್ದನ್ನು ಹೇಳುವ ಧೈರ್ಯವಿರಲಿಲ್ಲ. "ಕ್ಷಮಿಸ್ರಿ, ನಾನು ಅರ್ಜೆಂಟಾಗಿ ಹೊಸದುರ್ಗಕ್ಕೆ ಹೋಗ್ಬೇಕು," ಎಂದು, ಯಾರ ಮುಖವನ್ನೂ ನೋಡದೆ ಹೊರಬಂದಳು. ಬಸಮ್ಮನಿಗೆ ಫೋನ್ ಹಚ್ಚಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದಳು. ಎತ್ತಲಿಲ್ಲ.

ನಿರಂಜನ್ ಮೆಟ್ಟಿಲಲ್ಲಿ ಹಿಂದಿನಿಂದ ಓಡಿಬಂದ. "ಬಸ್ಸಿಗೆ ಕಾದ್ರೆ ಸಂಜೆ ಆಗ್ತೈತೆ. ಬೈಕ್ ಐತೆ. ಹೋಗಾಣ ನಡೀರಿ. ಏನು ಅಂತ ದಾರಿಯಾಗೆ ಹೇಳ್ರಿ."

ದಾರಿಯಲ್ಲಿ ಹೇಳಿದಳು. ಗಾಳಿಗೆ ಅರ್ಧ ಹಾರಿಹೋಯಿತು, ಅರ್ಧ ಅವನಿಗೆ ಕೇಳಿತು. ಹೊಳಲ್ಕೆರೆಯ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಗೂಡ್ಸು ಗಾಡಿಯೊಂದು ಚಿಕ್ಕಜಾಜೂರಿನ ಕಡೆಯಿಂದ ಬಂದು, ನಿಂತು, ಯೋಚಿಸಿ, ಮತ್ತೆ ಹೊರಟಿತು. ಅಷ್ಟು ಹೊತ್ತೂ ಅವಳು ಫೋನ್ ಕಿವಿಗೆ ಒತ್ತಿಕೊಂಡೇ ಇದ್ದಳು.

"ನಂದು ಹನ್ನೊಂದೇ, ಯಾರೂ ಓದಿಲ್ಲ ಅಂತ ಬೇಜಾರಿತ್ತು ಮೇಡಂ," ಎಂದ ನಿರಂಜನ್, ಗೇಟು ಏಳುವಾಗ. "ಈಗ ಸಮಾಧಾನ ಆತು." ಅವಳನ್ನು ನಗಿಸಲು ಹೇಳಿದ್ದು. ಇಬ್ಬರೂ ನಗಲಿಲ್ಲ.

ಹೊಸದುರ್ಗ ದಾಟಿ ಮಣ್ಣಿನ ದಾರಿ ಹಿಡಿದಾಗ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಂಡವು. ಅವುಗಳ ಕೆಳಗೆ ಹಳದಿ ಜೆಸಿಬಿಯ ಉದ್ದನೆಯ ಕೈ ಏಳುತ್ತಿತ್ತು, ಬೀಳುತ್ತಿತ್ತು. ಏಳುವಾಗ ಅದರ ಹಲ್ಲುಗಳಲ್ಲಿ ಒಂದು ಹಸಿರು ಸೀರೆ ಸಿಕ್ಕಿಕೊಂಡು ಹಾರುತ್ತಿತ್ತು.

ಬೈಕ್ ನಿಲ್ಲುವ ಮೊದಲೇ ಹಾರಿದಳು. ತೋಟದ ಮೊದಲ ಸಾಲುಗಳು ಮಲಗಿದ್ದವು. ಬೇರುಗಳು ಆಕಾಶ ನೋಡುತ್ತಿದ್ದವು. ಕಾಯಿಗಳು ಮಣ್ಣಿನಲ್ಲಿ ಉರುಳಿದ್ದವು. ಒಂದೆರಡು ಸೀಳಿ, ಒಳಗಿನ ಕೆಂಪು ಬಿಸಿಲಿಗೆ ತೆರೆದುಕೊಂಡಿತ್ತು.

"ನಿಲ್ಸ್ರಿ! ನಿಲ್ಸ್ರಿ ಅದನ್ನ!"

ಡ್ರೈವರು ಕೈ ತಡೆದ. ಎಂಜಿನ್ ಗುರುಗುಟ್ಟುತ್ತಲೇ ಇತ್ತು. ಬದುವಿನ ಮೇಲೆ ಕೂತಿದ್ದ ಬಸಮ್ಮ ಎದ್ದಳು. ಬೇಲಿಯಾಚೆಯಿಂದ ಗಂಗಾಧರಪ್ಪನೂ ಬಂದ, ಹೆಗಲ ಮೇಲೆ ಟವೆಲು, ಎತ್ತರದ ಒಣಕಲು ಮನುಷ್ಯ.

"ಬಸಮ್ಮತ್ತೆ, ಆ್ಯಪು ಸುಳ್ಳು. ನಂದೇ ತಪ್ಪು. ಫೋಟೊ ತೆಗಿಬೇಕಾದ್ರೆ ಮಾವ ಒಳ್ಳೇ ಎಲೆಗೆಲ್ಲ ವಿಭೂತಿ ಹಚ್ಚಿದ್ರು. ಅದು ಆ ವಿಭೂತೀನ ಕಲ್ತೈತೆ, ರೋಗಾನ ಕಲ್ತಿಲ್ಲ. ನಿಮ್ಮ ಎಲೆ ಚೊಕ್ಕಟ ಅವೆ ಅಂತ ರೋಗ ಅಂದೈತೆ." ಬಸಮ್ಮನ ಎದುರಿಗೆ ಹೋಗಿ ನಿಂತಳು. "ಭಾನುವಾರನೇ ಗೊತ್ತಾಗಿತ್ತು. ಹೇಳಲಿಲ್ಲ."

ಬಸಮ್ಮ ಮಲಗಿದ ಸಾಲುಗಳನ್ನು ನೋಡಿದಳು. ಬಗ್ಗಿ, ಬಿದ್ದ ಗಿಡವೊಂದರಿಂದ ಎಲೆ ಕಿತ್ತು ಮೇಘಶ್ರೀಯ ಕೈಗಿಟ್ಟಳು.

"ಹಂಗಾದ್ರೆ ನೀನೇ ನೋಡಿ ಹೇಳು. ರೋಗ ಐತಾ, ಇಲ್ವಾ?"

ಎಲೆಯ ಅಂಚಿನಲ್ಲಿ ಒಂದು ಸಣ್ಣ ಕಂದು ಚುಕ್ಕೆ ಇತ್ತು. ಬಿಸಿಲಿಗೆ ಬೆಂದದ್ದೋ, ಹುಳು ಕಚ್ಚಿದ್ದೋ, ಆ ರೋಗದ ಮೊದಲ ಗುರುತೋ. ಮೇಘಶ್ರೀ ಎಲೆಯನ್ನು ತಿರುಗಿಸಿದಳು, ಬೆಳಕಿಗೆ ಹಿಡಿದಳು. ಸಾವಿರಾರು ಎಲೆಗಳ ಫೋಟೊ ತೆಗೆದಿದ್ದಳು. ಒಂದನ್ನೂ ನೋಡಿರಲಿಲ್ಲ. ಅವರೆಲ್ಲರ ಕಣ್ಣು ಅವಳ ಮುಖದ ಮೇಲಿತ್ತು. ಇಲ್ಲ ಎಂದು ಹೇಳಿ ರೋಗ ನಿಜವಾಗಿಯೂ ಇದ್ದರೆ ಗಂಗಾಧರಪ್ಪನ ತೋಟವೂ ಹೋಗುತ್ತದೆ. ಇದೆ ಎಂದರೆ ಆ ಕೈ ಮತ್ತೆ ಏಳುತ್ತದೆ.

"ನನಗೆ ಗೊತ್ತಾಗಲ್ಲ ಅತ್ತೆ," ಎಂದಳು.

"ಗೊತ್ತಾಗಲ್ವಂತೆ!" ಗಂಗಾಧರಪ್ಪ ಟವೆಲು ಕೊಡವಿದ. "ಮುನ್ನೂರು ಜನ ವಿದ್ವಾಂಸರು ನಮ್ಮ ಹುಡುಗಿ ಹೆಸ್ರು ಬರ್ದವ್ರೆ ಅಂತ ನಿಮ್ಮ ಮಾವ ಜಂಬಣ್ಣ ಇಲ್ಲಿಗೆ ಬಂದಾಗ ಊರೆಲ್ಲ ಸಾರಿದ್ನಲ್ಲ. ಏನು ನೋಡಿ ಬರ್ದ್ರಮ್ಮ ಅವ್ರು?"

ನಿರಂಜನ್ ಮುಂದೆ ಬಂದು, "ಹಿರಿಯೂರಿನ ತೋಟಗಾರಿಕೆಯವ್ರಿಗೆ ಎಲೆ ಕೊಟ್ಟು ನೋಡಿಸಾಣ ಯಜಮಾನ್ರೇ, ಅಲ್ಲೀಗಂಟ ತಡೀರಿ," ಎಂದ.

"ನನ್ನ ತೋಟ ಹೋದ್ರೆ?"

"ಹೋದ್ರೆ ನನ್ನ ಕೇಳು," ಎಂದಳು ಬಸಮ್ಮ ಅವನಿಗೆ. ಆಮೇಲೆ ಡ್ರೈವರಿನ ಕಡೆ ತಿರುಗಿದಳು. "ಆಫ್ ಮಾಡಪ್ಪ ಅದನ್ನ. ಉಳಿದಿರಾದನ್ನ ಮುಟ್ಟಬ್ಯಾಡ."

ಮೇಘಶ್ರೀ ಬಿದ್ದ ಗಿಡದ ಪಕ್ಕದಲ್ಲೇ ಮಣ್ಣಿನಲ್ಲಿ ಕೂತು ಫೋನ್ ತೆಗೆದಳು. ಮೋಹನ್‌ಕುಮಾರ್ ಅವರ ಕರೆಗಳು ಸಾಲುಗಟ್ಟಿದ್ದವು. ಅವನ್ನು ದಾಟಿ, ಲೇಖನ ಪ್ರಕಟಿಸಿದ ಪತ್ರಿಕೆಯ ಸಂಪಾದಕರಿಗೆ ಬರೆದಳು. ನನ್ನ ಲೇಖನ ತಪ್ಪು, ಅದನ್ನು ವಾಪಸ್ ತೆಗೆದುಕೊಳ್ಳಿ, ಫೋಟೊಗಳನ್ನು ಯಾರೂ ಬಳಸದಂತೆ ಮಾಡಿ. ಆ್ಯಪ್ ಮಾಡಿದವರಿಗೂ ಅದನ್ನೇ ಕಳಿಸಿದಳು. ಅವಸರದಲ್ಲಿ ಅಕ್ಷರಗಳು ತಪ್ಪಾದವು, ತಿದ್ದಲಿಲ್ಲ. ಮೋಹನ್‌ಕುಮಾರ್ ಅವರಿಗೂ ಒಂದು ಪ್ರತಿ ಹೋಯಿತು. ಇನ್ನು ಗುರುವಾರ ಕಾಲೇಜಿಗೆ ಹೋಗುವ ಕೆಲಸ ಇರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ವಿಚಿತ್ರವೆಂದರೆ ಭಯ ಅದರದಾಗಿರಲಿಲ್ಲ. ಸಂಪಾದಕರು ಓದಬೇಕು, ಒಪ್ಪಬೇಕು, ಪ್ರಕಟಿಸಬೇಕು. ತಿಂಗಳುಗಟ್ಟಲೆ ಆಗುತ್ತದೆ. ಅಷ್ಟರಲ್ಲಿ ಇನ್ನೆಷ್ಟು ಜನ ಅವಳ ಹೆಸರು ಬರೆಯುತ್ತಾರೆ? ಫೋನಿಗೆ ಇಳಿದ ಆ್ಯಪು ಫೋನಿನಿಂದ ಫೋನಿಗೆ ಎಷ್ಟು ದೂರ ಹೋಗಿದೆ?

ಡ್ರೈವರು ಜೆಸಿಬಿಯನ್ನು ಬದುವಿಗೆ ತಂದು ಎಂಜಿನ್ ಆರಿಸಿದ. ಕಿವಿಯಲ್ಲಿ ಒಮ್ಮೆಲೇ ಖಾಲಿತನ ತುಂಬಿತು. ಗಾಳಿಯಂತ್ರಗಳ ಹೂಂಕಾರ ಬಂತು. ಆಮೇಲೆ ಅದರಡಿಯಿಂದ ಇನ್ನೊಂದು ಸದ್ದು, ಗುಡ್ಡದ ಆ ಮಗ್ಗುಲಿನಿಂದ, ಗುರುಗುಡುತ್ತ, ಕಟಕಟ ಎನ್ನುತ್ತ.

"ಅದೇನದು?" ಎಂದಳು.

ಡ್ರೈವರು ಕೆಳಗಿಳಿದು ಬೀಡಿ ಹಚ್ಚುತ್ತಿದ್ದ. "ನಮ್ದೇ ಇನ್ನೊಂದು ಗಾಡಿ ಅಕ್ಕ. ಬೆಳಗ್ಗಿಂದ ಅಲ್ಲೈತೆ. ಅದೂ ದಾಳಿಂಬೆನೇ ಕೀಳ್ತಾ ಐತೆ."

"ಯಾರ ತೋಟ?"

"ಯಾರ್ದೋ, ನಂಗೊತ್ತಿಲ್ಲ."

ಮೇಘಶ್ರೀ ಎಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಎದ್ದು, ಚಪ್ಪಲಿ ಅಲ್ಲೇ ಬಿಟ್ಟು, ಗುಡ್ಡದ ಕಡೆ ಓಡತೊಡಗಿದಳು.